ಮಾತ್ರೆ ನಿಲ್ಲಿಸಿದರೆ ಮರಳುವ ಫಂಗಸ್: ಒಂದು ನಾಯಿಯ ಪ್ರಕರಣ

ರೂಬಿ 4 ವರ್ಷದ ಹೆಣ್ಣು ಕಾಕರ್ ಸ್ಪೇನಿಯಲ್. ತೂಕ 12 ಕೆಜಿ. ಹೆಚ್ಚಿನ ಹೊತ್ತು ಮನೆಯೊಳಗೇ ಇರುವ ನಾಯಿ. ನನ್ನ ಹತ್ತಿರ ಬರುವಷ್ಟರಲ್ಲಿ ಅದರ ಚಿಕಿತ್ಸೆಯ ಚೀಟಿಗಳೆಲ್ಲ ಸೇರಿ ಒಂದು ದಪ್ಪ ಫೈಲ್ ಆಗಿತ್ತು. ಬಹುತೇಕ ಪ್ರತಿ ಚೀಟಿಯಲ್ಲೂ ಇದ್ದದ್ದು ಒಂದೇ ಮಾತು, ಫಂಗಲ್ ಇನ್‌ಫೆಕ್ಷನ್. ಹಿಂದಿನ ಒಂದೂವರೆ ವರ್ಷದಲ್ಲಿ ಅದಕ್ಕೆ ಹಲವು ಸಲ ಕೀಟೊಕೊನಜೋಲ್ ಎಂಬ ಫಂಗಸ್ ಮಾತ್ರೆ ಕೊಟ್ಟಿದ್ದರು. ಪ್ರತಿ ಸಲವೂ ಎರಡು ಮೂರು ವಾರದಲ್ಲಿ ನಾಯಿ ಸುಧಾರಿಸುತ್ತಿತ್ತು. ಮಾತ್ರೆ ನಿಂತು ಒಂದೆರಡು ತಿಂಗಳಾದರೆ ಮತ್ತೆ ಕೆರೆತ, ಮತ್ತೆ ಜಿಡ್ಡು, ಮತ್ತೆ ಅದೇ ಮುಗ್ಗಲು ವಾಸನೆ.

“ಡಾಕ್ಟ್ರೇ, ಫಂಗಸ್ ಬುಡಸಮೇತ ಹೋಗೋ ಹಾಗೆ ಸ್ವಲ್ಪ ಜೋರಾದ ಮಾತ್ರೆ ಕೊಡಿ” ಎಂದು ನಾಯಿಯ ಒಡತಿ ಕೇಳಿದರು. ಬೇಸತ್ತವರು ಹಾಗೆ ಕೇಳುವುದು ಸಹಜ. ಆದರೆ ಮಾತ್ರೆಯ ಜೋರು ಕಡಿಮೆಯೇನೂ ಇರಲಿಲ್ಲ. ಕೊಟ್ಟಾಗಲೆಲ್ಲ ಅದು ಕೆಲಸ ಮಾಡಿತ್ತು. ಔಷಧಿ ಕೆಲಸ ಮಾಡುತ್ತಿದ್ದರೂ ಕಾಯಿಲೆ ಮರಳುತ್ತಿದೆ ಎಂದರೆ, ಆ ಚರ್ಮದಲ್ಲಿ ಫಂಗಸ್‌ಗೆ ಪದೇ ಪದೇ ಅನುಕೂಲ ಮಾಡಿಕೊಡುವುದು ಬೇರೇನೋ ಇದೆ ಎಂದರ್ಥ. ಅದನ್ನು ಹುಡುಕಿದ ಬಗೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇಂಥ ನಾಯಿಗಳು ತುಂಬಾ ಇವೆ. ವರ್ಷಗಟ್ಟಲೆ ಫಂಗಸ್ ಮಾತ್ರೆ ನುಂಗುತ್ತವೆ, ಮೂಲ ಕಾರಣವನ್ನು ಮಾತ್ರ ಯಾರೂ ನೋಡಿರುವುದಿಲ್ಲ.

ಹಿನ್ನೆಲೆ

ನಾನು ಮೊದಲು ಕೇಳಿದ್ದು, ಕೆರೆತ ಮೊದಲು ಶುರುವಾಯಿತಾ, ವಾಸನೆ ಮತ್ತು ಜಿಡ್ಡು ಮೊದಲಾ ಎಂದು. ಚರ್ಮದ ಕಾಯಿಲೆಯಲ್ಲಿ ಇದಕ್ಕಿಂತ ಉಪಯುಕ್ತ ಪ್ರಶ್ನೆ ಕಡಿಮೆ. ಒಡತಿಗೆ ತಕ್ಷಣ ನೆನಪಾಗಲಿಲ್ಲ. ಅವರ ಮಗಳು ಫೋನಿನಲ್ಲಿದ್ದ ಹಳೆಯ ಫೋಟೊಗಳನ್ನು ತೆಗೆದು ನೋಡಿದಳು. ಸುಮಾರು ಒಂದೂವರೆ ವರ್ಷದ ಮರಿಯಾಗಿದ್ದಾಗಲೇ ರೂಬಿ ಮುಂಗಾಲು ನೆಕ್ಕುತ್ತಿತ್ತು. ಬಿಳಿಯ ಕೂದಲು ಎಂಜಲಿನಿಂದ ಕಂದಾಗಿದ್ದು ಫೋಟೊದಲ್ಲೇ ಕಾಣುತ್ತಿತ್ತು. ಮನೆಯವರು ಅದನ್ನು ಅಭ್ಯಾಸ ಅಂದುಕೊಂಡಿದ್ದರು. ಆಗ ವಾಸನೆ ಇರಲಿಲ್ಲ, ಜಿಡ್ಡೂ ಇರಲಿಲ್ಲ. ಕಿವಿ ಕೆರೆತ ಬಂದದ್ದು ಅದರ ನಂತರ. ಕಂಕುಳು ಮತ್ತು ತೊಡೆಸಂದಿನ ಚರ್ಮ ಕಪ್ಪಾದದ್ದು ಇನ್ನೂ ತಡವಾಗಿ.

ಎರಡನೆಯ ಸುಳಿವು ಫೈಲ್‌ನಲ್ಲೇ ಇತ್ತು. ಫಂಗಸ್ ಮಾತುಗಳೆಲ್ಲ ಶುರುವಾಗುವ ಮೊದಲು, ತೀರಾ ಆರಂಭದಲ್ಲಿ, ಕೆಲವು ದಿನ ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡ್ ಕೊಟ್ಟಿದ್ದರು. ಎರಡೇ ದಿನದಲ್ಲಿ ನೆಕ್ಕುವುದು ನಿಂತಿತ್ತಂತೆ. ಅಂದರೆ ಮೊದಲ ಹಂತದ ತುರಿಕೆ ಸ್ಟೆರಾಯ್ಡ್‌ಗೆ ಚೆನ್ನಾಗಿ ಬಗ್ಗಿತ್ತು. ಅಲರ್ಜಿಯ ತುರಿಕೆ ಹೀಗೆ ಬಗ್ಗುತ್ತದೆ. ಫಂಗಸ್‌ನದೇ ಒಂದು ಬಗೆಯಾದ ಯೀಸ್ಟ್ ಸೇರಿಕೊಂಡ ಮೇಲೆ ಅದೇ ಸ್ಟೆರಾಯ್ಡ್ ಅಷ್ಟು ಕೆಲಸ ಮಾಡುವುದಿಲ್ಲ.

ಮನೆಯಲ್ಲಿ ಒಂದು ಬೆಕ್ಕೂ ಇತ್ತು. ಅದಕ್ಕೆ ಏನೂ ತೊಂದರೆ ಇರಲಿಲ್ಲ. ಮನೆಯವರ ಮೈಮೇಲೂ ಹುಳುಕಡ್ಡಿಯಂಥ ಕಲೆ ಯಾವುದೂ ಇರಲಿಲ್ಲ.

ಮೈ ನೋಡಿದಾಗ

ಮುಂಗಾಲಿನ ಬೆರಳ ಸಂದುಗಳು ಕೆಂಪಾಗಿ ಒದ್ದೆಯಾಗಿದ್ದವು. ಕಂಕುಳು, ತೊಡೆಸಂದು, ಕತ್ತಿನ ಅಡಿಭಾಗದ ಚರ್ಮ ದಪ್ಪವಾಗಿ, ಕಪ್ಪಾಗಿ, ಮಡಿಕೆ ಮಡಿಕೆಯಾಗಿತ್ತು. ಮುಟ್ಟಿದರೆ ಬೆರಳಿಗೆ ಜಿಡ್ಡು ಅಂಟುತ್ತಿತ್ತು. ಎರಡೂ ಕಿವಿಯ ಒಳಭಾಗ ಕೆಂಪು, ಒಳಗೆ ಕಂದು ಬಣ್ಣದ ಗುಗ್ಗೆ. ಆದರೆ ಕಿವಿಯ ಅಂಚು ಶುಭ್ರವಾಗಿತ್ತು. ಬೆನ್ನಿನ ಹಿಂಭಾಗ, ಬಾಲದ ಬುಡವೂ ಶುಭ್ರ. ಈ ಶುಭ್ರ ಜಾಗಗಳನ್ನು ಬರೆದಿಟ್ಟುಕೊಳ್ಳುವುದು ಮುಖ್ಯ. ಕಜ್ಜಿಯ ನುಸಿಯಾದರೆ ಕಿವಿಯ ಅಂಚನ್ನು ಸಾಮಾನ್ಯವಾಗಿ ಬಿಡುವುದಿಲ್ಲ. ಚಿಗಟದ ಅಲರ್ಜಿಯಾದರೆ ಬಾಲದ ಬುಡವನ್ನು ಬಿಡುವುದಿಲ್ಲ.

ತುರಿಕೆಗೆ 0ರಿಂದ 10ರವರೆಗೆ ಅಂಕ ಕೊಡಿ ಎಂದು ಒಡತಿಯನ್ನು ಕೇಳಿದೆ. ಅವರು 8 ಎಂದರು. ಮುಂದಿನ ಎಲ್ಲ ಭೇಟಿಯಲ್ಲೂ ಈ ಅಂಕವನ್ನೇ ಹಿಡಿದು ನಡೆದೆವು.

ಪ್ರಯೋಗಾಲಯದಲ್ಲಿ

ಕಂಕುಳಿನ ಚರ್ಮಕ್ಕೆ ಪಾರದರ್ಶಕ ಅಂಟುಪಟ್ಟಿ ಒತ್ತಿ ತೆಗೆದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ 1000 ಪಟ್ಟು ಹಿಗ್ಗಿಸಿ ನೋಡಿದೆ. ಪಾದದ ಗುರುತಿನ ಹಾಗೆ ಕಾಣುವ ಯೀಸ್ಟ್ ಕಣಗಳು ಪ್ರತಿ ನೋಟದಲ್ಲೂ ಗುಂಪುಗುಂಪಾಗಿದ್ದವು. ಅದು ಮಲಾಸೇಜಿಯಾ ಪ್ಯಾಕಿಡರ್ಮಾಟಿಸ್. ಕಿವಿಯ ಗುಗ್ಗೆಯಲ್ಲೂ ಅದೇ. ಈ ಯೀಸ್ಟನ್ನು ವೈಡ್‌ಮನ್ ಎಂಬ ವಿಜ್ಞಾನಿ ಮೊದಲು ವಿವರಿಸಿದ್ದು 1925ರಲ್ಲಿ, ಒಂದು ಭಾರತೀಯ ಘೇಂಡಾಮೃಗದ ಚರ್ಮದಿಂದ. ಆಮೇಲೆ ಗೊತ್ತಾದದ್ದು, ಆರೋಗ್ಯವಾಗಿರುವ ನಾಯಿಗಳ ತುಟಿಯ ಹತ್ತಿರ, ಬೆರಳ ಸಂದಿನಲ್ಲಿ, ಕಿವಿಯಲ್ಲಿ ಇದು ಸ್ವಲ್ಪ ಪ್ರಮಾಣದಲ್ಲಿ ಇದ್ದೇ ಇರುತ್ತದೆ ಎಂದು. ಹೊರಗಿನಿಂದ ಬಂದ ಸೋಂಕಲ್ಲ, ಮೊದಲೇ ಮೈಮೇಲಿದ್ದದ್ದು ಅತಿಯಾಗಿ ಬೆಳೆದಿರುತ್ತದೆ. ಹಾಗಾಗಿ “ಬುಡಸಮೇತ ತೆಗೆಯುವುದು” ಆಗುವ ಮಾತಲ್ಲ, ಅದರ ಅಗತ್ಯವೂ ಇಲ್ಲ.

ಚರ್ಮವನ್ನು ಕೆರೆದು ನೋಡಿದಾಗ ಡೆಮೊಡೆಕ್ಸ್ ನುಸಿ ಸಿಗಲಿಲ್ಲ. ಮನೆಯಲ್ಲಿ ಬೆಕ್ಕು ಇದ್ದದ್ದರಿಂದ ಹುಳುಕಡ್ಡಿಯನ್ನೂ ನೋಡಲೇಬೇಕಿತ್ತು. ಬೆಕ್ಕಿನ ಹುಳುಕಡ್ಡಿಗೆ ಮುಖ್ಯ ಕಾರಣ ಮೈಕ್ರೋಸ್ಪೋರಮ್ ಕ್ಯಾನಿಸ್ ಎಂಬ ಫಂಗಸ್. ಬೆಕ್ಕು ನೋಡಲು ಚೆನ್ನಾಗಿಯೇ ಇದ್ದು ಅದನ್ನು ಹೊತ್ತು ತಿರುಗಬಹುದು. ನೇರಳಾತೀತ ಬೆಳಕು ಚೆಲ್ಲುವ ವುಡ್ಸ್ ದೀಪದ ಕೆಳಗೆ ಎರಡರ ಕೂದಲನ್ನೂ ನೋಡಿದೆ. ಈ ಫಂಗಸ್ ಹತ್ತಿದ ಕೂದಲು ಸುಮಾರು 365 ನ್ಯಾನೊಮೀಟರ್ ಬೆಳಕಿನಲ್ಲಿ ಎಳೆ ಹಸಿರಾಗಿ ಹೊಳೆಯುತ್ತದೆ. ಇಲ್ಲಿ ಯಾವ ಕೂದಲೂ ಹೊಳೆಯಲಿಲ್ಲ. ಆದರೆ ದೀಪದಲ್ಲಿ ಹೊಳೆಯದಿದ್ದರೆ ಹುಳುಕಡ್ಡಿ ಇಲ್ಲ ಎಂದು ತೀರ್ಮಾನಿಸುವ ಹಾಗಿಲ್ಲ. ಬೇರೆ ಜಾತಿಯ ಹುಳುಕಡ್ಡಿ ಫಂಗಸ್‌ಗಳಲ್ಲಿ ಹೆಚ್ಚಿನವು ಹೊಳೆಯುವುದಿಲ್ಲ. ಅದಕ್ಕೇ ಹೊಸ ಹಲ್ಲುಜ್ಜುವ ಬ್ರಷ್‌ನಿಂದ ಎರಡರ ಮೈಯನ್ನೂ ಬಾಚಿ, ಆ ಕೂದಲಿನಲ್ಲಿ ಫಂಗಸ್ ಇದ್ದರೆ ಬೆಳೆಯಲಿ ಎಂದು ಡಿಟಿಎಂ ತಟ್ಟೆಯಲ್ಲಿ, ಅಂದರೆ ಹುಳುಕಡ್ಡಿ ಫಂಗಸ್ ಬೆಳೆಸಿ ನೋಡುವ ಮಾಧ್ಯಮದಲ್ಲಿ, ಇಟ್ಟೆ.

ಬೆಕ್ಕಿನ ತಟ್ಟೆಯಲ್ಲಿ ಏನೂ ಬರಲಿಲ್ಲ. ನಾಯಿಯ ತಟ್ಟೆಯಲ್ಲಿ ಮಾತ್ರ ಒಂಬತ್ತನೇ ದಿನದ ಹೊತ್ತಿಗೆ ಹಳದಿ ಮಾಧ್ಯಮ ಕೆಂಪಾಯಿತು. ಇಂಥ ಕಡೆ ತಪ್ಪು ತೀರ್ಮಾನ ಸುಲಭವಾಗಿ ಆಗುತ್ತದೆ. “ಕೆಂಪಾಯಿತು, ಹುಳುಕಡ್ಡಿ” ಎಂದು ಬರೆದುಬಿಟ್ಟರೆ ಇಡೀ ಮನೆ ತಿಂಗಳುಗಟ್ಟಲೆ ಬೇಡದ ಚಿಕಿತ್ಸೆಗೆ ಸಿಕ್ಕಿಹಾಕಿಕೊಳ್ಳುತ್ತದೆ. ತಟ್ಟೆಯನ್ನು ದಿನಾ ನೋಡಿದ್ದರಿಂದ ಎರಡು ವಿಷಯ ಕಂಡವು. ಮೊದಲನೆಯದು, ತಟ್ಟೆಯಲ್ಲಿ ಫಂಗಸ್‌ನ ಗುಂಪು ಬೆಳೆದು ದೊಡ್ಡದಾದ ಮೇಲಷ್ಟೇ ಮಾಧ್ಯಮದ ಬಣ್ಣ ಬದಲಾಗಿತ್ತು. ಹುಳುಕಡ್ಡಿ ಫಂಗಸ್ ಮೊದಲು ಪ್ರೋಟೀನನ್ನು ತಿನ್ನುತ್ತದೆ, ಹಾಗಾಗಿ ಅದು ಬೆಳೆಯಲು ಶುರುಮಾಡುತ್ತಿದ್ದಂತೆಯೇ ಬಣ್ಣವೂ ಬದಲಾಗುತ್ತದೆ. ಬೇರೆ ಬೂಷ್ಟುಗಳು ಮೊದಲು ಸಕ್ಕರೆ ಮುಗಿಸಿ ಆಮೇಲೆ ಪ್ರೋಟೀನಿಗೆ ಕೈ ಹಾಕುತ್ತವೆ, ಬಣ್ಣ ತಡವಾಗುತ್ತದೆ. ಎರಡನೆಯದು, ಬೆಳೆದ ಗುಂಪಿನ ಬಣ್ಣ ಕಡುಬೂದು. ಹುಳುಕಡ್ಡಿಯ ಫಂಗಸ್ ಬಿಳಿ ಅಥವಾ ತಿಳಿ ಕೆನೆಬಣ್ಣದಲ್ಲಿ ಬೆಳೆಯುತ್ತದೆ. ಕಪ್ಪು, ಬೂದು, ಹಸಿರು ಬಂದರೆ ಅದು ಹುಳುಕಡ್ಡಿಯಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅಡ್ಡಗೋಡೆ, ಉದ್ದಗೋಡೆ ಎರಡೂ ಇರುವ ಬೀಜಕಣಗಳು ಕಂಡವು. ಅದು ಆಲ್ಟರ್ನೇರಿಯಾ ಎಂಬ ಬೂಷ್ಟು.

ಆಲ್ಟರ್ನೇರಿಯಾ ಗಾಳಿಯಲ್ಲಿ ಎಲ್ಲೆಡೆ ಇರುತ್ತದೆ, ಯಾವ ಪ್ರಾಣಿಯ ಕೂದಲ ಮೇಲೂ ಕೂತಿರಬಹುದು. ಕೂದಲಿನಿಂದ ಅದು ಬೆಳೆದ ಮಾತ್ರಕ್ಕೆ ಸೋಂಕೂ ಅಲ್ಲ, ಅಲರ್ಜಿಗೆ ಪುರಾವೆಯೂ ಅಲ್ಲ. ಮುಂದೆ ಅಲರ್ಜಿ ಪರೀಕ್ಷೆಯಲ್ಲಿ ಇದೇ ಹೆಸರು ಮತ್ತೆ ಬಂತು. ಆದರೂ ಈ ಎರಡನ್ನೂ ಗಂಟುಹಾಕುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ.

ಇದೇ ದೂರು ನಾಯಿಯದ್ದಲ್ಲದೆ ಬೇರೆ ಪ್ರಾಣಿಯದ್ದಾಗಿದ್ದರೆ ನಾನು ಹೋಗುತ್ತಿದ್ದ ದಾರಿಯೂ ಬೇರೆಯಾಗುತ್ತಿತ್ತು. ಕೂದಲು ಉದುರಿದ ಬೆಕ್ಕಿನ ಮರಿಯಾದರೆ ಹುಳುಕಡ್ಡಿಯನ್ನೇ ಮೊದಲು ನೋಡುತ್ತೇನೆ, ಅದು ಮನುಷ್ಯರಿಗೂ ಹರಡುತ್ತದೆ. ಕರುವಿನ ಕಣ್ಣಿನ ಸುತ್ತ ಬೂದುಬಣ್ಣದ ದಪ್ಪ ಹಕ್ಕಳೆ ಕಂಡರೆ ಟ್ರೈಕೊಫೈಟನ್ ವೆರುಕೋಸಮ್ ನೆನಪಾಗುತ್ತದೆ. ಅದು ಕೆಲವು ತಿಂಗಳಲ್ಲಿ ಎಷ್ಟೋ ಸಲ ತಾನಾಗಿಯೇ ಗುಣವಾಗುತ್ತದೆ, ಆದರೆ ಅದೂ ಸಾಕುವವರ ಕೈಗೆ ಹತ್ತುತ್ತದೆ. ಕುದುರೆಯ ವಿಷಯದಲ್ಲಂತೂ ಬೂಷ್ಟು ಹಿಡಿದ ಒಣಹುಲ್ಲಿನ ದೂಳು ಶ್ವಾಸನಾಳಕ್ಕೆ ಹೋಗಿ ಅಸ್ತಮಾ ತರುತ್ತದೆ. ಅಲ್ಲಿ ಸೋಂಕೇ ಇರುವುದಿಲ್ಲ, ಹಾಗಾಗಿ ಫಂಗಸ್ ಔಷಧಿಯಿಂದ ಪ್ರಯೋಜನವೂ ಇಲ್ಲ. ಹುಲ್ಲನ್ನು ನೀರಿನಲ್ಲಿ ನೆನೆಸಿ ಕೊಡುವುದು, ಕುದುರೆಯನ್ನು ಹೊರಗೆ ಗಾಳಿಯಲ್ಲಿ ಕಟ್ಟುವುದೇ ಚಿಕಿತ್ಸೆಯ ಮುಖ್ಯ ಭಾಗ.

ಮೊದಲು ಯೀಸ್ಟ್

ಅಲರ್ಜಿಯ ಅನುಮಾನ ಬಲವಾಗಿದ್ದರೂ ಮೊದಲು ಯೀಸ್ಟನ್ನು ಇಳಿಸಿದೆವು. ಎರಡೂ ಸೇರಿದ ತುರಿಕೆಯಲ್ಲಿ ಯಾವುದರ ಪಾಲು ಎಷ್ಟು ಎಂದು ತಿಳಿಯಲು ಬೇರೆ ದಾರಿ ಇಲ್ಲ. ಶೇ 2 ಕ್ಲೋರ್‌ಹೆಕ್ಸಿಡಿನ್, ಶೇ 2 ಮೈಕೊನಜೋಲ್ ಇರುವ ಶಾಂಪೂವಿನಲ್ಲಿ ವಾರಕ್ಕೆ ಎರಡು ಸಲ ಸ್ನಾನ. ನೊರೆ ಮೈಮೇಲೆ 10 ನಿಮಿಷ ಇರಲೇಬೇಕು. ಮಲಾಸೇಜಿಯಾ ಚಿಕಿತ್ಸೆಯಲ್ಲಿ ಅತಿ ಗಟ್ಟಿ ಪುರಾವೆ ಇರುವುದು ಈ ಶಾಂಪೂವಿಗೇ. ಆದರೆ ಹತ್ತು ನಿಮಿಷ ಕಾಯುವವರು ಕಡಿಮೆ. ಹಚ್ಚಿ ತಕ್ಷಣ ತೊಳೆದು, ಶಾಂಪೂ ಕೆಲಸ ಮಾಡಲಿಲ್ಲ ಎನ್ನುವವರೇ ಜಾಸ್ತಿ. ಈ ಮನೆಯವರು ಗಡಿಯಾರ ಇಟ್ಟುಕೊಂಡು ಮಾಡಿದರು.

ಚರ್ಮ ಅಷ್ಟು ದಪ್ಪಗಾಗಿದ್ದರಿಂದ ಮಾತ್ರೆಯೂ ಬೇಕಿತ್ತು. ಹಿಂದೆ ಅಷ್ಟೊಂದು ಕೀಟೊಕೊನಜೋಲ್ ಹೋಗಿದ್ದರಿಂದ ಮೊದಲು ರಕ್ತದಲ್ಲಿ ಯಕೃತ್ತಿನ ಕಿಣ್ವ ನೋಡಿದೆ. ಎಎಲ್‌ಟಿ ಎಂಬ ಕಿಣ್ವ ಸ್ವಲ್ಪ ಏರಿತ್ತು, ಗಾಬರಿಯಾಗುವಷ್ಟಲ್ಲ. ಇಟ್ರಾಕೊನಜೋಲ್ ಎಂಬ ಫಂಗಸ್ ಮಾತ್ರೆಯನ್ನು ದೇಹದ ತೂಕದ ಕೆಜಿಗೆ 5 ಮಿಗ್ರಾಂನಂತೆ, ವಾರದಲ್ಲಿ ಸತತ ಎರಡು ದಿನ ಮಾತ್ರ, 3 ವಾರ ಕೊಟ್ಟೆವು. ಔಷಧಿ ಚರ್ಮದಲ್ಲಿ ಉಳಿದುಕೊಳ್ಳುವುದರಿಂದ ದಿನಾ ಕೊಡದಿದ್ದರೂ ನಡೆಯುತ್ತದೆ, ಯಕೃತ್ತಿಗೂ ಹೊರೆ ಕಡಿಮೆ. ಕಿವಿಯ ತಮಟೆ ಸರಿಯಾಗಿದೆ ಎಂದು ನೋಡಿಕೊಂಡ ಮೇಲೆಯೇ ಕಿವಿಗೆ ಹನಿ ಬರೆದೆ. ತಮಟೆ ಒಡೆದಿದ್ದರೆ ಕೆಲವು ಔಷಧಿಗಳು ಒಳಗಿವಿಗೆ ಹೋಗಿ ಕೇಳಿಸುವ ಶಕ್ತಿಗೇ ಪೆಟ್ಟು ಕೊಡುತ್ತವೆ. ಇಟ್ರಾಕೊನಜೋಲ್ ಗುಂಪಿನ ಫಂಗಸ್ ಮಾತ್ರೆ, ಅದರಲ್ಲೂ ಕೀಟೊಕೊನಜೋಲ್, ತಿನ್ನುತ್ತಿರುವ ನಾಯಿಗೆ ಯಾರೋ ಹೇಳಿದರೆಂದು ನುಸಿ, ಹುಳ ಕೊಲ್ಲುವ ಐವರ್ಮೆಕ್ಟಿನ್ ಹಾಕಿಸಬೇಡಿ ಎಂದೂ ಒತ್ತಿ ಹೇಳಿದೆ. ಎರಡೂ ಸೇರಿದರೆ ಐವರ್ಮೆಕ್ಟಿನ್ ಮೆದುಳಿಗೆ ವಿಷವಾಗಬಹುದು.

3 ವಾರದ ನಂತರ ವಾಸನೆ ಇರಲಿಲ್ಲ. ಜಿಡ್ಡು ಹೋಗಿತ್ತು. ಅಂಟುಪಟ್ಟಿಯಲ್ಲಿ ಹುಡುಕಿದರೆ ಅಲ್ಲೊಂದು ಇಲ್ಲೊಂದು ಯೀಸ್ಟ್. ತುರಿಕೆಯ ಅಂಕ ಎಷ್ಟು ಎಂದರೆ, 5.

ಹಿಂದೆಲ್ಲ ಚಿಕಿತ್ಸೆ ನಿಲ್ಲುತ್ತಿದ್ದದ್ದು ಇಲ್ಲೇ. ವಾಸನೆ ಹೋಯಿತು, ನಾಯಿ ಮೊದಲಿಗಿಂತ ಕಡಿಮೆ ಕೆರೆದುಕೊಳ್ಳುತ್ತಿದೆ, ಅಷ್ಟಕ್ಕೆ ಎಲ್ಲರಿಗೂ ಸಮಾಧಾನ. ಆದರೆ ಯೀಸ್ಟ್ ಹೆಚ್ಚುಕಡಿಮೆ ಇಲ್ಲದಾಗಲೂ 5 ಉಳಿದಿದೆ, ಕಾಲು ನೆಕ್ಕುವುದು ನಿಂತಿಲ್ಲ ಎಂದರೆ ಆ 5 ಎಲ್ಲಿಂದ ಬಂತು? ಆ ಪ್ರಶ್ನೆಯನ್ನು ಬಿಟ್ಟರೆ ಮತ್ತೆ ಎರಡು ತಿಂಗಳಲ್ಲಿ 8 ಆಗುವುದು ಖಂಡಿತ. ತುರಿಕೆಯಿಂದ ನೆಕ್ಕು, ನೆಕ್ಕಿದ್ದರಿಂದ ತೇವ, ಊದಿದ ಚರ್ಮದಿಂದ ಜಾಸ್ತಿ ಜಿಡ್ಡು, ಆ ತೇವದಲ್ಲೂ ಜಿಡ್ಡಿನಲ್ಲೂ ಮತ್ತೆ ಯೀಸ್ಟ್.

ಉಳಿದ ತುರಿಕೆಯ ಮೂಲ

ಚಿಗಟ ಮತ್ತು ಕಜ್ಜಿಯ ನುಸಿಯನ್ನು ಔಷಧಿ ಹಾಕಿಯೇ ತಳ್ಳಿಹಾಕಿದೆವು, ನಾಯಿಗೂ ಬೆಕ್ಕಿಗೂ. ಥೈರಾಯ್ಡ್ ಪರೀಕ್ಷೆ ಸರಿಯಾಗಿಯೇ ಬಂತು. ನಂತರ ಆಹಾರದ ಪರೀಕ್ಷೆ. ಪ್ರೋಟೀನನ್ನು ಚೂರುಚೂರಾಗಿ ಒಡೆದು ತಯಾರಿಸಿದ ಆಹಾರವನ್ನು ಮಾತ್ರ 8 ವಾರ ಕೊಡಬೇಕು, ಬೇರೆ ಒಂದು ತುಣುಕೂ ಬಾಯಿಗೆ ಹೋಗಬಾರದು. ಆಹಾರದ ಅಲರ್ಜಿ ಇರುವ ನಾಯಿಗಳಲ್ಲಿ ಶೇ 90ಕ್ಕಿಂತ ಹೆಚ್ಚಿನವು 8 ವಾರದೊಳಗೆ ಸುಧಾರಿಸುತ್ತವೆ. ಎರಡನೇ ವಾರದಲ್ಲೇ ಮನೆಯ ಅಜ್ಜ ಪ್ರೀತಿಯಿಂದ ತಮ್ಮ ತಟ್ಟೆಯಿಂದ ಒಂದಿಷ್ಟು ತಿನ್ನಿಸಿದ್ದು ಗೊತ್ತಾಯಿತು. ಎಣಿಕೆಯನ್ನು ಮತ್ತೆ ಮೊದಲಿನಿಂದ ಶುರುಮಾಡಿಸಿದೆ. ಒಡತಿಗೆ ಬೇಜಾರಾಯಿತು, ಆದರೆ ಅರ್ಧಂಬರ್ಧ ಮಾಡಿದ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ. 8 ವಾರ ಪೂರ್ತಿಯಾದಾಗ ಅಂಕ 5ರಲ್ಲೇ ಇತ್ತು. ಹಳೆಯ ಆಹಾರ ಮತ್ತೆ ಕೊಟ್ಟಾಗಲೂ ಏರಲಿಲ್ಲ. ಆಹಾರ ಕಾರಣವಲ್ಲ.

ಇಷ್ಟೆಲ್ಲ ಆದ ಮೇಲೆ ಉಳಿದದ್ದು ಅಟೋಪಿ, ಅಂದರೆ ಮನೆಯ ಮತ್ತು ಗಾಳಿಯ ಕಣಗಳಿಗೆ ಬರುವ ಚರ್ಮದ ಅಲರ್ಜಿ. ಇದನ್ನು ತೋರಿಸಿಕೊಡುವ ಒಂದೇ ಒಂದು ರಕ್ತಪರೀಕ್ಷೆ ಇಲ್ಲ. ಉಳಿದವನ್ನು ತಳ್ಳಿಹಾಕಿ, ಲಕ್ಷಣ ಹೊಂದಿಸಿ ನೋಡಬೇಕು. 2010ರಲ್ಲಿ ಫಾವ್ರೊ ಮತ್ತು ಜೊತೆಗಾರರು ಕೊಟ್ಟ ಪಟ್ಟಿ ಇದಕ್ಕೆ ಸಹಾಯ ಮಾಡುತ್ತದೆ: 3 ವರ್ಷದೊಳಗೆ ಶುರುವಾಗಿರುವುದು, ಹೆಚ್ಚಾಗಿ ಮನೆಯೊಳಗೆ ಇರುವುದು, ಸ್ಟೆರಾಯ್ಡ್‌ಗೆ ಬಗ್ಗುವ ತುರಿಕೆ, ಮುಂಗಾಲು ಮತ್ತು ಕಿವಿಯಲ್ಲಿ ತೊಂದರೆ, ಕಿವಿಯ ಅಂಚು ಮತ್ತು ಬೆನ್ನಿನ ಹಿಂಭಾಗ ಶುಭ್ರವಾಗಿರುವುದು. ಪದೇ ಪದೇ ಬರುವ ಯೀಸ್ಟ್ ಕೂಡ ಅದೇ ಪಟ್ಟಿಯಲ್ಲಿದೆ. ರೂಬಿಗೆ ಎಲ್ಲವೂ ಹೊಂದುತ್ತಿದ್ದವು. ಅದರ ಫೈಲ್‌ನಲ್ಲಿ ಮತ್ತೆ ಮತ್ತೆ ಬರೆದಿದ್ದ ಫಂಗಲ್ ಇನ್‌ಫೆಕ್ಷನ್ ಎಂಬ ಮಾತು ಅಲರ್ಜಿಯದೇ ಒಂದು ಲಕ್ಷಣವಾಗಿತ್ತು!

ಯಾವ ಕಣಕ್ಕೆ ಅಲರ್ಜಿ ಎಂದು ತಿಳಿಯಲು ಚರ್ಮದೊಳಗಿನ ಚುಚ್ಚು ಪರೀಕ್ಷೆ ಮಾಡಿದೆವು. ಇದಕ್ಕೆ ಮೊದಲು ಸ್ಟೆರಾಯ್ಡ್ ಮಾತ್ರೆಯನ್ನು 14 ದಿನ, ಅಲರ್ಜಿಯ ಆಂಟಿಹಿಸ್ಟಮಿನ್ ಮಾತ್ರೆಯನ್ನು 7 ದಿನ ನಿಲ್ಲಿಸಿರಬೇಕು. ಎದೆಯ ಪಕ್ಕದ ಕೂದಲು ತೆಗೆದು, ಅಲರ್ಜಿ ತರಬಹುದಾದ ಒಂದೊಂದು ಕಣದ ಸಾರವನ್ನೂ ಒಂದು ಹನಿಯಷ್ಟು ಚುಚ್ಚಿ, 15ರಿಂದ 20 ನಿಮಿಷದಲ್ಲಿ ಏಳುವ ದದ್ದನ್ನು ಅಳೆಯುತ್ತೇವೆ. ಮನೆಯ ದೂಳಿನ ನುಸಿಗೆ ದೊಡ್ಡ ದದ್ದು ಎದ್ದಿತು. ಆಲ್ಟರ್ನೇರಿಯಾ ಬೂಷ್ಟಿಗೆ ಮಧ್ಯಮ. ಒಂದು ಹುಲ್ಲಿನ ಪರಾಗಕ್ಕೆ ಸಣ್ಣದು. ಮಲಾಸೇಜಿಯಾ ಸಾರಕ್ಕೆ, ದೂಳಿನ ನುಸಿಯಷ್ಟೇ ದೊಡ್ಡದು.

ಈ ಕೊನೆಯದು ಬಹಳ ವಿಷಯವನ್ನು ಬಿಡಿಸಿ ಹೇಳಿತು. ರೂಬಿಯ ಮೈಮೇಲೆ ಯೀಸ್ಟ್ ಬೆಳೆದು ತೊಂದರೆ ಕೊಡುತ್ತಿತ್ತು, ಅದರ ಜೊತೆಗೆ ಅದೇ ಯೀಸ್ಟಿಗೆ ಅಲರ್ಜಿಯೂ ಇತ್ತು. ಇಂಥ ನಾಯಿಯಲ್ಲಿ ಯೀಸ್ಟ್ ಸ್ವಲ್ಪವೇ ಇದ್ದರೂ ತುರಿಕೆ ಜೋರಾಗುತ್ತದೆ. ಹಾಗಾಗಿ ಇಷ್ಟು ಕಣಕ್ಕಿಂತ ಕಡಿಮೆ ಇದ್ದರೆ ಚಿಂತೆಯಿಲ್ಲ ಎಂಬ ಒಂದೇ ಲೆಕ್ಕ ಎಲ್ಲ ನಾಯಿಗೂ ಹೊಂದುವುದಿಲ್ಲ.

ಮುಂದಿನ ಚಿಕಿತ್ಸೆ

ತುರಿಕೆ ತಕ್ಷಣ ಇಳಿಯಲಿ ಎಂದು ಒಕ್ಲಾಸಿಟಿನಿಬ್ ಮಾತ್ರೆ, 14 ದಿನ ದಿನಕ್ಕೆರಡು ಸಲ, ಆಮೇಲೆ ದಿನಕ್ಕೊಂದು. ಅದರ ಜೊತೆಗೆ ಅಲರ್ಜಿಯ ಕಣಗಳನ್ನೇ ಸ್ವಲ್ಪ ಸ್ವಲ್ಪವಾಗಿ ಚುಚ್ಚಿ ಮೈಯನ್ನು ಒಗ್ಗಿಸುವ ಇಮ್ಯುನೊಥೆರಪಿ. ಇಲ್ಲಿ ಒಂದು ಸಣ್ಣ ಆದರೆ ಮುಖ್ಯವಾದ ವಿಷಯ: ಬೂಷ್ಟಿನ ಸಾರವನ್ನು ಪರಾಗದ ಸಾರದ ಜೊತೆ ಒಂದೇ ಸೀಸೆಯಲ್ಲಿ ಬೆರೆಸಬಾರದು. ಬೂಷ್ಟಿನಲ್ಲಿರುವ ಪ್ರೋಟೀನ್ ಒಡೆಯುವ ಕಿಣ್ವಗಳು ಪರಾಗದ ಪ್ರೋಟೀನನ್ನೇ ಹಾಳುಮಾಡುತ್ತವೆ. ರೂಬಿಗೆ ಎರಡು ಸೀಸೆ ಬೇರೆ ಬೇರೆ ತಯಾರಿಸಿದೆವು. ಮಲಾಸೇಜಿಯಾ ಸಾರವನ್ನೂ ಸೇರಿಸಿದೆವು. ಅದರ ಲಾಭಕ್ಕೆ ಪುರಾವೆ ಇನ್ನೂ ತೆಳುವಾಗಿದೆ ಎಂದು ಒಡತಿಗೆ ಮೊದಲೇ ಹೇಳಿದ್ದೆ.

ಮನೆಯ ಗಾಳಿಯ ತೇವ ಅಳೆಯಲು ಒಂದು ಪುಟ್ಟ ಮೀಟರ್ ಇಡಿಸಿದೆ. ನಾಯಿ ಮಲಗುವ ಕೋಣೆಯಲ್ಲಿ ಶೇ 65ಕ್ಕಿಂತ ಕೆಳಗೆ ಇಳಿಯಲೇ ಇಲ್ಲ. ಬೀರುವನ್ನು ಸರಿಸಿ ನೋಡಿದಾಗ ಹಿಂದಿನ ಗೋಡೆಯಲ್ಲಿ ನೀರು ಸೋರಿ ಕಪ್ಪು ಬೂಷ್ಟು ಹರಡಿತ್ತು. ನಾಯಿಯ ಹಾಸಿಗೆ ಇದ್ದದ್ದು ಅದೇ ಗೋಡೆಯ ಬುಡದಲ್ಲಿ. ಸೋರುವ ಕೊಳವೆ ದುರಸ್ತಿ ಮಾಡಿಸಿ, ಗೋಡೆ ಒಣಗಿಸಿ, ಹಾಸಿಗೆಯನ್ನು ಗಾಳಿ ಆಡುವ ಕಡೆಗೆ ಸರಿಸಿದರು. ಹಾಸಿಗೆಯ ಹೊದಿಕೆಯನ್ನು ವಾರಕ್ಕೊಮ್ಮೆ 60 ಡಿಗ್ರಿ ನೀರಿನಲ್ಲಿ ಒಗೆಯುತ್ತಾರೆ. ತೇವ ಶೇ 50ರ ಕೆಳಗಿದ್ದರೆ ದೂಳಿನ ನುಸಿಯೂ ಬೂಷ್ಟೂ ಕಷ್ಟಪಡುತ್ತವೆ. ಸುಧಾರಣೆಯಲ್ಲಿ ಗೋಡೆಯ ಪಾಲೆಷ್ಟು, ಮದ್ದಿನ ಪಾಲೆಷ್ಟು ಎಂದು ಬಿಡಿಸಿ ಹೇಳಲಾಗದು. ಎರಡನ್ನೂ ಒಟ್ಟಿಗೇ ಮಾಡಿದೆವು. ನಾಯಿ ನರಳುತ್ತಿರುವಾಗ ಒಂದನ್ನು ತಡೆಹಿಡಿದು ಪರೀಕ್ಷಿಸಲು ನನಗೆ ಮನಸ್ಸಿರಲಿಲ್ಲ.

ಇದು ನಮಗೂ ಬರುತ್ತಾ ಎಂದು ಮಗಳು ಕೇಳಿದ್ದಳು. ಆರೋಗ್ಯವಂತರಿಗೆ ಮಲಾಸೇಜಿಯಾ ತೊಂದರೆ ಕೊಡುವುದು ತೀರಾ ಅಪರೂಪ. ಆದರೆ ಅವಧಿಗೆ ಮೊದಲೇ ಹುಟ್ಟಿದ ಶಿಶುಗಳು, ರೋಗನಿರೋಧಕ ಶಕ್ತಿ ಕುಂದಿದವರ ವಿಷಯ ಬೇರೆ. 1998ರಲ್ಲಿ ವರದಿಯಾದ ಒಂದು ಘಟನೆಯಲ್ಲಿ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ ಈ ಯೀಸ್ಟ್ ಹರಡಿತ್ತು. ಅದು ಸಿಬ್ಬಂದಿಯ ಮನೆಯ ನಾಯಿಗಳಿಂದ ಅವರ ಕೈಗಳ ಮೂಲಕ ಬಂದಿರಬಹುದು ಎಂದು ಕಂಡುಬಂತು. ನಾಯಿಯ ಕಿವಿ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆದರೆ ಸಾಕು.

ಈಗ ಹೇಗಿದೆ

ಇಮ್ಯುನೊಥೆರಪಿ ನಿಧಾನ. ಫಲ ಕಾಣಲು 6 ತಿಂಗಳಿಂದ ಒಂದು ವರ್ಷ ಬೇಕು, ಅದೂ ಎಲ್ಲ ನಾಯಿಗಳಲ್ಲಿ ಅಲ್ಲ. 4 ತಿಂಗಳಲ್ಲಿ ರೂಬಿಯ ಅಂಕ 3 ಆಗಿತ್ತು, 9 ತಿಂಗಳಲ್ಲಿ 2. ಒಕ್ಲಾಸಿಟಿನಿಬ್ ಈಗ ದಿನ ಬಿಟ್ಟು ದಿನ. ಕಂಕುಳಿನ ಚರ್ಮ ತೆಳುವಾಗಿ ಕೂದಲು ಬಂದಿದೆ, ಕಪ್ಪು ಬಣ್ಣ ಮಾತ್ರ ಪೂರ್ತಿ ಹೋಗಿಲ್ಲ. ಎಎಲ್‌ಟಿ ಸರಿಯಾದ ಮಟ್ಟಕ್ಕೆ ಬಂದಿದೆ. ಫಂಗಸ್ ಮಾತ್ರೆ ಮತ್ತೆ ಬೇಕಾಗಿಲ್ಲ. ವಾರಕ್ಕೊಮ್ಮೆ ಅದೇ ಶಾಂಪೂ, ವಾರಕ್ಕೊಮ್ಮೆ ಕಿವಿ ಸ್ವಚ್ಛ ಮಾಡುವುದು ನಡೆದಿದೆ.

ನಡುವೆ ಒಮ್ಮೆ ತುರಿಕೆ ಮತ್ತೆ ಏರಿತ್ತು. ಒಡತಿ ಫೋನ್ ಮಾಡಿ, “ಮನೇಲಿ ಹಳೇ ಫಂಗಸ್ ಮಾತ್ರೆ ಇದೆ, ಕೊಡ್ಲಾ?” ಎಂದು ಕೇಳಿದರು. ಕೊಡಬೇಡಿ, ಮೊದಲು ಕರೆದುಕೊಂಡು ಬನ್ನಿ ಎಂದೆ. ಅಂಟುಪಟ್ಟಿಯಲ್ಲಿ ಈ ಸಲ ಯೀಸ್ಟ್ ಹೆಚ್ಚುಕಡಿಮೆ ಇರಲೇ ಇಲ್ಲ, ತುಂಬಾ ಇದ್ದದ್ದು ದುಂಡು ಬ್ಯಾಕ್ಟೀರಿಯಾ. ಫಂಗಸ್ ಮಾತ್ರೆ ಕೊಟ್ಟಿದ್ದರೆ ಉಪಯೋಗವಾಗುತ್ತಿರಲಿಲ್ಲ. ಬ್ಯಾಕ್ಟೀರಿಯಾವನ್ನೂ ಕೊಲ್ಲುವ ಕ್ಲೋರ್‌ಹೆಕ್ಸಿಡಿನ್ ಸ್ನಾನವನ್ನು ಎರಡು ವಾರ ಹೆಚ್ಚಿಸಿದ್ದರಲ್ಲೇ ಇಳಿಯಿತು. ಮುಂದಿನ ಭೇಟಿಯಲ್ಲಿ ಒಕ್ಲಾಸಿಟಿನಿಬ್ ಪೂರ್ತಿ ನಿಲ್ಲಿಸಿ ನೋಡಬೇಕೆಂದಿದ್ದೇವೆ. ನಿಲ್ಲಿಸುವ ದಿನ ಒಂದು ಅಂಟುಪಟ್ಟಿ, ಅದಾದ ಒಂದು ತಿಂಗಳಿಗೆ ಇನ್ನೊಂದು ಎಂದು ಫೈಲ್‌ನಲ್ಲಿ ಬರೆದಿಟ್ಟಿದ್ದೇನೆ.